ಅರ್ಧ ಚೈನೋ, ಪೂರ್ತಿ ಚೈನೋ: ಜರ್ಮನ್ ಸೇನೆಯ ಒಂದು ಆಯ್ಕೆಯ ಪ್ರಕರಣ ಅಧ್ಯಯನ

1930ರ ಆಸುಪಾಸಿನಲ್ಲಿ ಜರ್ಮನ್ ಸೇನೆಗೆ ಒಂದು ತೊಡಕು ಎದುರಾಗಿತ್ತು. ಉಕ್ಕಿನ ಕವಚ ತೊಟ್ಟ ಗಾಡಿ ಬೇಕು, ಆದರೆ ಯಾವ ಬಗೆಯದು? ಮುಂದೆ ಲಾರಿಯ ಹಾಗೆ ಚಕ್ರ, ಹಿಂದೆ ಟ್ಯಾಂಕಿನ ಹಾಗೆ ಚೈನು ಇರುವ ಹಾಫ್‌ಟ್ರ್ಯಾಕ್ ಸಾಕಾ? ಇಲ್ಲಾ ಪೂರ್ತಿ ಚೈನಿನ ಮೇಲೆ ಓಡುವ ಲೈಟ್ ಟ್ಯಾಂಕೇ ಆಗಬೇಕಾ? ಇದಕ್ಕೆ ಒಂದೇ ಮೀಟಿಂಗಿನಲ್ಲಿ ಉತ್ತರ ಸಿಗಲಿಲ್ಲ. ಎರಡನ್ನೂ ಎದುರುಬದುರು ನಿಲ್ಲಿಸಿ ಯಾರೂ ತೀರ್ಪು ಕೊಡಲೂ ಇಲ್ಲ. ಹತ್ತು ವರ್ಷಗಳಲ್ಲಿ ಒಂದೊಂದೇ ಸಣ್ಣ ತೀರ್ಮಾನ ಸೇರಿ ಉತ್ತರ ತಯಾರಾಯಿತು. ಅದಕ್ಕೇ ಈ ಪ್ರಕರಣ ಓದಲು ಯೋಗ್ಯ ಅನ್ನಿಸುತ್ತದೆ.

ಕಾರ್ಖಾನೆ ಮತ್ತು ಕಚೇರಿಗಳ ಒಳಗಿದ್ದವರನ್ನು ಇಲ್ಲಿ ಹುದ್ದೆಯಿಂದಷ್ಟೇ ಕರೆದಿದ್ದೇನೆ. ಇತಿಹಾಸ ಓದಿದವರಿಗೆಲ್ಲ ಗೊತ್ತಿರುವ ಮೂರ್ನಾಲ್ಕು ಹೆಸರು ಮಾತ್ರ ಉಳಿಸಿಕೊಂಡಿದ್ದೇನೆ. ಯಾರು ಜಾಣ, ಯಾರು ದಡ್ಡ ಅನ್ನೋದು ನನ್ನ ವಿಷಯವಲ್ಲ. ಯಾವ ತಿರುವಿನಲ್ಲಿ ಕೈಯಲ್ಲಿ ಏನಿತ್ತು, ಏನು ಆರಿಸಿದರು ಅನ್ನೋದು ವಿಷಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಲೈಟ್ ಟ್ಯಾಂಕ್ ಆರಿಸಿದ್ದು ಸರಿ, ಬಿಡಬೇಕಾದ ಹೊತ್ತಿಗೆ ಅದನ್ನು ಬಿಡಲಾಗದ ಸ್ಥಿತಿ ತಂದುಕೊಂಡದ್ದು ತಪ್ಪು. ಹಾಫ್‌ಟ್ರ್ಯಾಕಿಗೆ ಕೊಟ್ಟ ಕೆಲಸ ಸರಿ, ಅದನ್ನು ತಯಾರಿಸಿದ ರೀತಿ ತಪ್ಪು.

ಹಿನ್ನೆಲೆ

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸ್ವಂತವಾಗಿ ಕಟ್ಟಿ ಯುದ್ಧಕ್ಕೆ ಇಳಿಸಿದ ಟ್ಯಾಂಕ್ ಎಂದರೆ ಎ7ವಿ ಒಂದೇ, ಅದೂ ಬರೀ 20. ಬ್ರಿಟನ್ ಮತ್ತು ಫ್ರಾನ್ಸ್ ಸಾವಿರಗಟ್ಟಲೆ ಕಟ್ಟಿದ್ದವು. ಸೋತ ಮೇಲೆ 1919ರ ವರ್ಸೇ ಒಪ್ಪಂದ ಬಂತು. ಅದರ 171ನೇ ವಿಧಿ ಜರ್ಮನಿ ಟ್ಯಾಂಕ್ ಮತ್ತು ಕವಚದ ಗಾಡಿ ತಯಾರಿಸುವುದನ್ನೂ ತರಿಸಿಕೊಳ್ಳುವುದನ್ನೂ ನಿಷೇಧಿಸಿತು. ಸೇನೆಯ ಗಾತ್ರ ಒಂದು ಲಕ್ಷಕ್ಕೆ ಇಳಿಯಿತು.

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿತು. ಟ್ಯಾಂಕಿನ ಬಗ್ಗೆ ಯೋಚಿಸುವ ಅಧಿಕಾರಿಗಳಿದ್ದರು, ಟ್ಯಾಂಕೇ ಇರಲಿಲ್ಲ. ತರಬೇತಿಗೆ ಸಣ್ಣ ಕಾರುಗಳ ಮೇಲೆ ಕ್ಯಾನ್ವಾಸ್ ಹೊದಿಸಿ ಟ್ಯಾಂಕಿನ ವೇಷ ಹಾಕುತ್ತಿದ್ದರು. ಕವಾಯತು ನೋಡಲು ಬಂದ ಶಾಲೆಯ ಹುಡುಗರು ಆ ಬಟ್ಟೆಗೆ ಪೆನ್ಸಿಲಿನಿಂದ ತೂತು ಹಾಕಿ ನಗುತ್ತಿದ್ದರು ಎಂದು ಟ್ಯಾಂಕ್ ಪಡೆ ಕಟ್ಟಿದವರಲ್ಲಿ ಒಬ್ಬರಾದ ಅಧಿಕಾರಿ ಹೈನ್ಜ್ ಗುಡೇರಿಯನ್ ಮುಂದೆ ನೆನಪಿಸಿಕೊಂಡಿದ್ದಾರೆ. ಗುಟ್ಟಾಗಿ ಬೇರೆ ಕೆಲಸವೂ ನಡೆಯುತ್ತಿತ್ತು. ಸೋವಿಯತ್ ಒಕ್ಕೂಟದ ಕಜಾನ್ ಹತ್ತಿರ ‘ಕಾಮಾ’ ಎಂಬ ಟ್ಯಾಂಕ್ ಶಾಲೆ 1929ರಿಂದ 1933ರವರೆಗೆ ಇತ್ತು. ಅಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಮಾದರಿ ಟ್ಯಾಂಕುಗಳನ್ನು ‘ಟ್ರ್ಯಾಕ್ಟರ್’ ಎಂದು ಹೆಸರಿಟ್ಟು ಓಡಿಸಿ ನೋಡಿದರು. ಅವು ಪದೇ ಪದೇ ಕೆಟ್ಟು ನಿಂತವು. ಚೈನು, ಗೇರು, ಸ್ಟೇರಿಂಗು ಎಲ್ಲವೂ ತಲೆನೋವು ತಂದವು. ಆದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಯಿತು. ಅಷ್ಟಾದರೂ ಲಾಭ.

ಹಾಫ್‌ಟ್ರ್ಯಾಕ್ ಯಾಕೆ ಅಷ್ಟು ಆಕರ್ಷಕ?

ಇವತ್ತು ನೋಡಿದರೆ ಹಾಫ್‌ಟ್ರ್ಯಾಕ್ ಎರಡು ದೋಣಿಯಲ್ಲಿ ಕಾಲಿಟ್ಟ ಗಾಡಿ ಅನ್ನಿಸುತ್ತದೆ. 1920ರ ದಶಕದಲ್ಲಿ ಹಾಗಿರಲಿಲ್ಲ. ಆಗಿನ ಪೂರ್ತಿ ಚೈನಿನ ಗಾಡಿಗಳ ದೊಡ್ಡ ರೋಗ ಚೈನು ಸವೆಯುವುದು. ನಮ್ಮ ಕಡೆ ಹಿಟಾಚಿಯನ್ನು ಒಂದು ಊರಿಂದ ಇನ್ನೊಂದು ಊರಿಗೆ ಒಯ್ಯುವಾಗ ಲಾರಿ ಮೇಲೆ ಹೇರಿಕೊಂಡೇ ಹೋಗುತ್ತಾರೆ, ಅಲ್ವಾ? ಕಾರಣ ಅದೇ. ಗಟ್ಟಿ ರಸ್ತೆಯಲ್ಲಿ ಓಡಿದರೆ ಚೈನೂ ಹಾಳು, ರಸ್ತೆಯೂ ಹಾಳು, ಮೇಲಿಂದ ವೇಗವೂ ಇಲ್ಲ.

ಇದಕ್ಕೆ ಫ್ರಾನ್ಸಿನಿಂದ ಒಂದು ಉತ್ತರ ಬಂದಿತ್ತು. ಹಿಂದೆ ರಷ್ಯಾದ ತ್ಸಾರ್ ದೊರೆಯ ಕಾರುಗಳನ್ನು ನೋಡಿಕೊಳ್ಳುತ್ತಿದ್ದ ಅಡಾಲ್ಫ್ ಕೆಗ್ರೆಸ್ ಎಂಬ ಇಂಜಿನಿಯರ್ ರಬ್ಬರ್ ಪಟ್ಟಿಯ ಹಾಫ್‌ಟ್ರ್ಯಾಕ್ ಕಟ್ಟಿದ್ದರು. 1922–23ರ ಚಳಿಗಾಲದಲ್ಲಿ ಸಿಟ್ರೊಯೆನ್ ಕಂಪನಿಯ ಅಂಥ ಗಾಡಿಗಳು ಸಹಾರಾ ಮರುಭೂಮಿ ದಾಟಿದವು. ಜಗತ್ತೆಲ್ಲ ಬೆರಗಾಯಿತು. ಹಲವು ಸೇನೆಗಳು ಕೊಂಡವು.

ಹಾಫ್‌ಟ್ರ್ಯಾಕಿನ ಪರವಾಗಿ ಹೇಳಲು ಇನ್ನೂ ಇತ್ತು. ಲಾರಿ ಓಡಿಸಿದವರು ಬೇಗ ಕಲಿಯಬಹುದು. ರಸ್ತೆಯಲ್ಲಿ ಆಗಿನ ಪೂರ್ತಿ ಚೈನಿನ ಗಾಡಿಗಿಂತ ವೇಗ ಜಾಸ್ತಿ. ಮುಂದಿನ ಚಕ್ರಗಳು ಸ್ವಲ್ಪ ಭಾರ ಹೊರುವುದರಿಂದ ಚೈನಿನ ಮೇಲೆ ಒತ್ತಡ ಕಡಿಮೆ. ಮತ್ತೆ ಜರ್ಮನಿಯ ಮಟ್ಟಿಗೆ ಇನ್ನೊಂದು ಅನುಕೂಲ: ಕವಚ ಹಾಕದ ಹಾಫ್‌ಟ್ರ್ಯಾಕ್ ನೋಡಲು ಬರೀ ಎಳೆಯುವ ಗಾಡಿ. ಒಪ್ಪಂದದ ಕಣ್ಣಿಗೆ ಅದು ಅಪರಾಧವಲ್ಲ.

ಹಾಗಾದರೆ ಅದರ ಮೇಲೇ ಕವಚ ಹೊದಿಸಿ, ಒಂದು ತೋಪು ಇಟ್ಟು, ಅದನ್ನೇ ಟ್ಯಾಂಕಿನ ಜಾಗದಲ್ಲಿ ನಿಲ್ಲಿಸಿದರೇನು?

ಮೊದಲ ತಿರುವು: ಗದ್ದೆಗಾಡಿಯ ವೇಷದ ಟ್ಯಾಂಕ್

1931ರಲ್ಲಿ ಮೋಟಾರು ಪಡೆಗಳ ಇನ್ಸ್‌ಪೆಕ್ಟರ್ ಆಗಿ ಓಸ್ವಾಲ್ಡ್ ಲುಟ್ಸ್ ಬಂದರು. ಗುಡೇರಿಯನ್ ಲುಟ್ಸ್ ಅವರಿಗೆ ಮುಖ್ಯ ಸಹಾಯಕರಾದರು. ಇಬ್ಬರಿಗೂ ಬೇಕಾಗಿದ್ದ ಟ್ಯಾಂಕುಗಳ ಚಿತ್ರ ಸ್ಪಷ್ಟವಿತ್ತು. ಒಂದು, ಟ್ಯಾಂಕ್ ಹೊಡೆಯುವ ತೋಪಿನದು. ಇನ್ನೊಂದು, ಅದಕ್ಕೆ ಬೆಂಬಲವಾಗಿ ದೊಡ್ಡ ಗುಂಡು ಹಾರಿಸುವುದು. ಮುಂದೆ ಇವೇ ಪ್ಯಾಂಜರ್ 3 ಮತ್ತು ಪ್ಯಾಂಜರ್ 4 ಆದವು (ಪ್ಯಾಂಜರ್ ಅಂದರೆ ಜರ್ಮನ್ ಭಾಷೆಯಲ್ಲಿ ಟ್ಯಾಂಕ್). ಆದರೆ ಇವು ತಯಾರಾಗಲು ವರ್ಷಗಳು ಬೇಕು. ಅಲ್ಲಿಯವರೆಗೆ ಸೈನಿಕರು ಕ್ಯಾನ್ವಾಸ್ ಟ್ಯಾಂಕಿನಲ್ಲೇ ಆಟ ಆಡಬೇಕಾ?

ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಕಾರ್ಡನ್-ಲಾಯ್ಡ್ ಎಂಬ ಪುಟಾಣಿ ಚೈನ್ ಗಾಡಿಗಳು ಬಂದಿದ್ದವು. ಅವುಗಳ ಚೈನು ಹಳೆಯವುಗಳಿಗಿಂತ ಜಾಸ್ತಿ ಬಾಳುತ್ತಿತ್ತು, ಗಾಡಿ ಅಗ್ಗ, ಕಟ್ಟುವುದು ಸುಲಭ. ಜರ್ಮನಿ ಅಂಥ ಗಾಡಿಯನ್ನು ಸದ್ದಿಲ್ಲದೆ ತರಿಸಿಕೊಂಡು ನೋಡಿತು. ಅದರ ಪ್ರಭಾವದಲ್ಲಿ ಕ್ರುಪ್ ಕಂಪನಿ ‘ಕೃಷಿ ಟ್ರ್ಯಾಕ್ಟರ್’ ಎಂಬ ಗುಟ್ಟಿನ ಹೆಸರಿನಲ್ಲಿ ಒಂದು ಲೈಟ್ ಟ್ಯಾಂಕ್ ಕಟ್ಟಿತು. ಅದೇ ಪ್ಯಾಂಜರ್ 1. ತೂಕ ಸುಮಾರು 5.4 ಟನ್. ಇಬ್ಬರು ಸಿಬ್ಬಂದಿ. ಎರಡು ಮೆಷಿನ್ ಗನ್. ಕವಚದ ದಪ್ಪ ಹೆಚ್ಚೆಂದರೆ 13 ಮಿ.ಮೀ., ಅಂದರೆ ಬಂದೂಕಿನ ಗುಂಡು ತಡೆಯುತ್ತದೆ, ತೋಪಿನ ಗುಂಡು ಒಳಕ್ಕೇ ಬರುತ್ತದೆ.

ಇಲ್ಲಿ ಆದ ತೀರ್ಮಾನವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಹಾಫ್‌ಟ್ರ್ಯಾಕಿಗಿಂತ ಇದು ಒಳ್ಳೆಯ ಯುದ್ಧದ ಗಾಡಿ ಅಂತ ಇದನ್ನು ಆರಿಸಲಿಲ್ಲ. ಎರಡು ವಿಷಯ ಕಲಿಯಲು ಆರಿಸಿದರು. ಪೂರ್ತಿ ಚೈನಿನ ಗಾಡಿಯನ್ನು ಗುಂಪಿನಲ್ಲಿ ಓಡಿಸುವುದು ಹೇಗೆಂದು ಸೈನಿಕರು ಕಲಿಯಬೇಕು. ಅಂಥ ಗಾಡಿಯನ್ನು ನೂರಾರು ಸಂಖ್ಯೆಯಲ್ಲಿ ಕಟ್ಟುವುದು ಹೇಗೆಂದು ಕಾರ್ಖಾನೆಗಳು ಕಲಿಯಬೇಕು. ಅದಕ್ಕೇ 1934ರ ಮೊದಲ ಸಣ್ಣ ತಂಡದ ಗಾಡಿಗಳನ್ನು ಒಂದೇ ಕಂಪನಿಗೆ ಕೊಡದೆ ಹಲವು ಕಂಪನಿಗಳಿಗೆ ಹಂಚಿದರು. ಮೇಲಿನ ಕವಚವಿಲ್ಲದ, ಟರೆಟ್ (ಮೇಲೆ ತಿರುಗುವ ತೋಪಿನ ಗೂಡು) ಇಲ್ಲದ ಬರೀ ಬೋಳು ಗಾಡಿಗಳು ಅವು. ಹಾಫ್‌ಟ್ರ್ಯಾಕಿನಲ್ಲಿ ಎಷ್ಟೇ ಓಡಾಡಿದರೂ ಈ ಪಾಠ ಸಿಗುತ್ತಿರಲಿಲ್ಲ. ಚೈನನ್ನು ತಡೆದು ಗಾಡಿ ತಿರುಗಿಸುವ ಡ್ರೈವರ್, ಟರೆಟ್ಟಿನೊಳಗೆ ಕೂತು ಹೊರಗಿನ ಜಗತ್ತನ್ನು ಒಂದು ಸೀಳಿನಲ್ಲಿ ನೋಡುವ ಕಮಾಂಡರ್, ಇವರನ್ನು ತಯಾರು ಮಾಡಲು ಟ್ಯಾಂಕೇ ಬೇಕು.

1934ರ ಮಟ್ಟಿಗೆ ಇದು ನನಗೆ ತುಂಬ ಜಾಣತನದ ತೀರ್ಮಾನ ಅನ್ನಿಸುತ್ತದೆ. 1935ರ ಅಕ್ಟೋಬರ್ 15ಕ್ಕೆ, ಟ್ಯಾಂಕನ್ನೇ ಮುಂದಿಟ್ಟು ಕಟ್ಟಿದ ದೊಡ್ಡ ಸೇನಾ ಪಡೆಗಳಾದ ಮೂರು ಪ್ಯಾಂಜರ್ ಡಿವಿಷನ್‌ಗಳು ಹುಟ್ಟಿದಾಗ ಅವುಗಳ ಕೈಯಲ್ಲಿ ಏನಾದರೂ ಇತ್ತು ಅಂದರೆ ಈ ಪುಟ್ಟ ಟ್ಯಾಂಕ್ ಇತ್ತು.

ಎರಡನೆಯ ತಿರುವು: ತೋಪು ಹೊತ್ತ ಹಾಫ್‌ಟ್ರ್ಯಾಕ್ ಪರೀಕ್ಷೆ

ಹಾಫ್‌ಟ್ರ್ಯಾಕ್ ಪಕ್ಷದವರು ಸುಮ್ನೆ ಕೂತಿರಲಿಲ್ಲ. ಶಸ್ತ್ರಾಸ್ತ್ರ ಕಚೇರಿಯಲ್ಲಿ ಚೈನ್ ಗಾಡಿಗಳ ಹೊಣೆ ಹೊತ್ತಿದ್ದ ಒಬ್ಬ ಇಂಜಿನಿಯರ್ ಎಳೆಯುವ ಗಾಡಿಗಳ ಒಂದು ಇಡೀ ಕುಟುಂಬವನ್ನೇ ಯೋಜಿಸಿದ್ದರು: 1 ಟನ್, 3 ಟನ್, 5, 8, 12, 18 ಟನ್ ಎಳೆಯುವ ಆರು ವರ್ಗ. ಒಂದೊಂದು ವರ್ಗ ಒಂದೊಂದು ಕಂಪನಿಗೆ. 1930ರ ದಶಕದ ನಡುವೆ ಇವುಗಳಲ್ಲಿ 3 ಮತ್ತು 5 ಟನ್ ವರ್ಗದ ಚಾಸಿಗಳ ಇಂಜಿನ್ನನ್ನು ಹಿಂದಕ್ಕೆ ಸರಿಸಿ, ಕವಚ ಹೊದಿಸಿ, ಟರೆಟ್ ಇಟ್ಟು ನೋಡಿದರು. ಒಂದರಲ್ಲಿ 37 ಮಿ.ಮೀ. ತೋಪು, ಇನ್ನೊಂದರಲ್ಲಿ 75 ಮಿ.ಮೀ. ತೋಪು. ಆ 75 ಮಿ.ಮೀ. ತೋಪಿನ ನಳಿಗೆ ಮೊದಲ ಪ್ಯಾಂಜರ್ 4 ಟ್ಯಾಂಕಿನ ನಳಿಗೆಗಿಂತ ಎಷ್ಟೋ ಉದ್ದ. ಕಾಗದದ ಮೇಲೆ ಭರ್ಜರಿ ಗಾಡಿ.

ಆದರೆ ಮಾದರಿ ಹಂತದಲ್ಲೇ ಅದು ನಿಂತಿತು. ಯಾಕೆ ಅಂತ ಗಾಡಿಯನ್ನು ನೋಡಿದರೇ ಗೊತ್ತಾಗುತ್ತದೆ. ಮುಂದಿನ ಚಕ್ರಗಳಿಗೆ ಇಂಜಿನ್ನಿನ ಬಲ ಹೋಗುವುದಿಲ್ಲ. ಕೆಸರಿನಲ್ಲಿ, ಹಳ್ಳದ ಅಂಚಿನಲ್ಲಿ ಅವು ಗಾಡಿಯನ್ನು ಎಳೆಯುವ ಬದಲು ನೇಗಿಲಿನಂತೆ ಮಣ್ಣಿಗೆ ಇಳಿಯುತ್ತವೆ. ಕಂದಕ ದಾಟುವಾಗ ಮೊದಲು ಒಳಗೆ ಬೀಳುವುದೂ ಅವೇ. ಗಾಳಿ ತುಂಬಿದ ಟಯರಿಗೆ ಕವಚ ಹಾಕಲಾಗುವುದಿಲ್ಲ. ಟ್ಯಾಂಕ್ ನಿಂತಲ್ಲೇ ತಿರುಗುತ್ತದೆ, ಹಾಫ್‌ಟ್ರ್ಯಾಕಿಗೆ ತಿರುಗಲು ಅಂಗಳ ಬೇಕು. ಉದ್ದ ಜಾಸ್ತಿ, ಎತ್ತರವೂ ಜಾಸ್ತಿ. ಟರೆಟ್ಟಿನ ಭಾರವನ್ನು ಎಲ್ಲಿ ಇಡಬೇಕು ಅನ್ನೋದೇ ಒಂದು ಸಮಸ್ಯೆ. ಆ 75 ಮಿ.ಮೀ. ಮಾದರಿಗಳಲ್ಲಿ ಒಂದೆರಡು ಮುಂದೆ ಉತ್ತರ ಆಫ್ರಿಕಾದ ಯುದ್ಧಕ್ಕೆ ಹೋದವು. ಅದು ಬಿಟ್ಟರೆ ಈ ದಾರಿ ಅಲ್ಲಿಗೇ ಮುಗಿಯಿತು.

ಪಕ್ಕದ ಪೋಲೆಂಡ್ ಇದೇ ಪಾಠವನ್ನು ದುಡ್ಡು ಕೊಟ್ಟು ಕಲಿಯಿತು. ಕೆಗ್ರೆಸ್ ಚಾಸಿಗಳನ್ನು ಕೊಂಡು ಅವರು ಕವಚದ ಹಾಫ್‌ಟ್ರ್ಯಾಕ್ ಕಟ್ಟಿದ್ದರು. ನಿಧಾನ, ಪಟ್ಟಿ ಬೇಗ ಹಾಳಾಗುತ್ತದೆ ಅಂತ ಬೇಸತ್ತು 1934ರಿಂದ ಹಿಂದಿನ ಪಟ್ಟಿಗಳನ್ನು ಕಿತ್ತು ಮಾಮೂಲಿ ಚಕ್ರ ಹಾಕಿಸಿದರು.

ಹೀಗೆ ಜರ್ಮನಿಯಲ್ಲಿ ಕೆಲಸ ಹಂಚಿಕೆಯಾಯಿತು. ಎದುರಾಳಿಯ ಗುಂಡಿಗೆ ಎದೆಕೊಟ್ಟು ಹೋಗುವುದು ಟ್ಯಾಂಕಿನ ಕೆಲಸ. ಅದರ ಹಿಂದೆ ತೋಪು, ಮದ್ದುಗುಂಡು, ಸೈನಿಕರನ್ನು ಅದೇ ವೇಗದಲ್ಲಿ ತರುವುದು ಹಾಫ್‌ಟ್ರ್ಯಾಕಿನ ಕೆಲಸ. ಈ ಹಂಚಿಕೆ ಪೂರ್ತಿ ಸರಿ. ಟ್ಯಾಂಕ್ ಪಡೆಯ ತೋಪುಗಳನ್ನು ಕುದುರೆ ಎಳೆದರೆ ಏನಾಗುತ್ತದೆ ಊಹಿಸಿ. 8 ಟನ್ ವರ್ಗದ ಹಾಫ್‌ಟ್ರ್ಯಾಕ್ 88 ಮಿ.ಮೀ. ವಿಮಾನ ಹೊಡೆಯುವ ತೋಪನ್ನು ಎಳೆಯುತ್ತಿತ್ತು. 18 ಟನ್ನಿನದು ಕೆಟ್ಟ ಟ್ಯಾಂಕುಗಳನ್ನೇ ಎಳೆದು ತರುತ್ತಿತ್ತು. ಟ್ಯಾಂಕ್ ಬಗ್ಗೆ ಬರೆಯುವವರು ಇವನ್ನು ಅಷ್ಟಾಗಿ ನೆನೆಯುವುದಿಲ್ಲ. ನನ್ನನ್ನು ಕೇಳಿದರೆ ಪ್ಯಾಂಜರ್ ಡಿವಿಷನ್ನನ್ನು ಡಿವಿಷನ್ ಮಾಡಿದ್ದರಲ್ಲಿ ಇವುಗಳ ಪಾಲು ಪ್ಯಾಂಜರ್ 1ರ ಪಾಲಿಗಿಂತ ದೊಡ್ಡದು.

ಮೂರನೆಯ ತಿರುವು: ಸ್ಪೇನ್ ಎಚ್ಚರಿಸಿತು

1936ರ ಶರತ್ಕಾಲದಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ, ಸರ್ಕಾರದ ವಿರುದ್ಧ ಬಂಡೆದ್ದ ಜನರಲ್ ಫ್ರಾಂಕೋ ಪಕ್ಷದ ಸಹಾಯಕ್ಕೆಂದು ಜರ್ಮನಿ ಪ್ಯಾಂಜರ್ 1 ಟ್ಯಾಂಕುಗಳನ್ನು ಕಳಿಸಿತು. ಅವುಗಳ ಜೊತೆ ಹೋದ ಜರ್ಮನ್ ಟ್ಯಾಂಕ್ ಸಿಬ್ಬಂದಿಯ ಮುಖ್ಯಸ್ಥ ವಿಲ್ಹೆಲ್ಮ್ ಫಾನ್ ಥೋಮಾ. ಎದುರು ಪಕ್ಷಕ್ಕೆ ಸೋವಿಯತ್ ಒಕ್ಕೂಟ ಟಿ-26 ಟ್ಯಾಂಕ್ ಕೊಟ್ಟಿತ್ತು. ಅದರಲ್ಲಿ 45 ಮಿ.ಮೀ. ತೋಪು. ಮೆಷಿನ್ ಗನ್ನಿನ ಟ್ಯಾಂಕ್ ತೋಪಿನ ಟ್ಯಾಂಕನ್ನು ಎದುರಿಸಿದರೆ ಏನಾಗಬೇಕೋ ಅದೇ ಆಯಿತು. ತೀರಾ ಹತ್ತಿರ ಹೋಗಿ ಕವಚ ಸೀಳುವ ಗುಂಡು ಹಾರಿಸಿದರೆ ಮಾತ್ರ ಏನಾದರೂ ಆಸೆ. ಕೆಲವು ಪ್ಯಾಂಜರ್ 1ಗಳಿಗೆ ಇಟಲಿಯ 20 ಮಿ.ಮೀ. ತೋಪು ಕೂರಿಸಿ ನೋಡಿದರು. ಸಿಕ್ಕ ಟಿ-26ಗಳನ್ನು ತಮ್ಮ ಪಕ್ಷದಲ್ಲೇ ಓಡಿಸಿದರು. ಇದಕ್ಕಿಂತ ಸ್ಪಷ್ಟವಾದ ವರದಿ ಬೇಕಾ?

ಪ್ರಕರಣದ ನಿಜವಾದ ಗಂಟು ಇಲ್ಲಿದೆ. ತರಬೇತಿ ಟ್ಯಾಂಕ್ ತರಬೇತಿಗಷ್ಟೇ ಅಂತ ಈಗ ಖಚಿತವಾಗಿತ್ತು. ಆದರೆ ಕಾರ್ಖಾನೆಗಳು ಅದನ್ನೇ ಕಟ್ಟುವುದರಲ್ಲಿ ಪಳಗಿದ್ದವು. ಹೊಸ ಡಿವಿಷನ್‌ಗಳು ಟ್ಯಾಂಕ್ ಕೇಳುತ್ತಿದ್ದವು. ಸಂಖ್ಯೆ ತೋರಿಸುವ ರಾಜಕೀಯ ಒತ್ತಡ ಬೇರೆ. ಪ್ಯಾಂಜರ್ 1 ಒಟ್ಟು ಸುಮಾರು 1,500 ತಯಾರಾದವು. ಪ್ಯಾಂಜರ್ 3 ಬರುವುದು ತಡವಾಗುತ್ತಿದ್ದ ಹಾಗೆ ಇನ್ನೊಂದು ಮಧ್ಯಂತರ ಗಾಡಿ ಬಂತು: 20 ಮಿ.ಮೀ. ತೋಪು, ಮೂವರು ಸಿಬ್ಬಂದಿಯ ಪ್ಯಾಂಜರ್ 2. ಅದೂ ಸಾವಿರ ದಾಟಿತು. ತಾತ್ಕಾಲಿಕ ಏರ್ಪಾಟಿನ ಮೇಲೆ ಇನ್ನೊಂದು ತಾತ್ಕಾಲಿಕ ಏರ್ಪಾಟು.

ಇದೇ ಹೊತ್ತಿನಲ್ಲಿ ಚೈನು ಸವೆಯುವ ಹಳೆಯ ರೋಗ ಇನ್ನೊಂದು ಕಡೆ ತಲೆ ಎತ್ತಿತು. 1938ರ ಹೊತ್ತಿಗೆ ಕುದುರೆ ಪಡೆಯಿಂದ ‘ಲೈಟ್ ಡಿವಿಷನ್’ಗಳನ್ನು ಕಟ್ಟಿದ್ದರು. ಅವುಗಳ ಟ್ಯಾಂಕುಗಳನ್ನು ರಸ್ತೆಯಲ್ಲಿ ಲಾರಿ ಮತ್ತು ಟ್ರೇಲರ್ ಮೇಲೆ ಹೇರಿ ಒಯ್ಯುವ ಏರ್ಪಾಟಿತ್ತು. ಹಾಫ್‌ಟ್ರ್ಯಾಕಿನವರು ಹತ್ತು ವರ್ಷದ ಹಿಂದೆ ಎತ್ತಿದ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿರಲಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಪೋಲೆಂಡ್ ಯುದ್ಧ ಮುಗಿದ ಮೇಲೆ ಆ ಡಿವಿಷನ್‌ಗಳೆಲ್ಲ ಪ್ಯಾಂಜರ್ ಡಿವಿಷನ್‌ಗಳಾದವು.

ಹಾಫ್‌ಟ್ರ್ಯಾಕಿನ ಕಡೆ ಏನಾಯಿತು

ಕಾಲಾಳುಗಳನ್ನು ಕವಚದೊಳಗೆ ಕೂರಿಸಿ ಟ್ಯಾಂಕಿನ ಜೊತೆ ಒಯ್ಯಬೇಕು ಅನ್ನೋದು ಗುಡೇರಿಯನ್ ಪಕ್ಷದ ಹಟ. ಅದಕ್ಕೆ 3 ಟನ್ ವರ್ಗದ ಹಾಫ್‌ಟ್ರ್ಯಾಕನ್ನೇ ಆರಿಸಿ ಇಳಿಜಾರು ಕವಚದ ಮೈ ಕೂರಿಸಿದರು. ಮುಂದೆ 14.5 ಮಿ.ಮೀ., ಪಕ್ಕಕ್ಕೆ 8 ಮಿ.ಮೀ. ಮೇಲೆ ಮುಚ್ಚಳವಿಲ್ಲ. ಹತ್ತು ಸೈನಿಕರು, ಜೊತೆಗೆ ಇಬ್ಬರು ಸಿಬ್ಬಂದಿ. ಇದೇ 251 ನಂಬರಿನ ಪ್ರಸಿದ್ಧ ಗಾಡಿ. ಸೇನೆಗೆ ಬಂದದ್ದು 1939ರಲ್ಲಿ, ಅಂದರೆ ಯುದ್ಧದ ಹೊಸ್ತಿಲಲ್ಲಿ.

ಗಾಡಿ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ತೊಂದರೆ. ಒಂದರ ಮೇಲೊಂದು ಹೆಣೆದಂತೆ ಜೋಡಿಸಿದ ಚಕ್ರಗಳು. ಚೈನಿನ ಪ್ರತಿ ಕೊಂಡಿಗೂ ಬೇರಿಂಗು, ಗ್ರೀಸು, ಮೇಲೆ ರಬ್ಬರ್ ಮೆತ್ತೆ. ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿದರೆ ಚಕ್ರ ತಿರುಗುತ್ತದೆ, ಜಾಸ್ತಿ ತಿರುಗಿಸಿದರೆ ಒಂದು ಬದಿಯ ಚೈನಿಗೆ ಬ್ರೇಕ್ ಬೀಳುತ್ತದೆ. ರಸ್ತೆಯಲ್ಲಿ ಬೆಣ್ಣೆಯಂಥ ಓಟ. ಆದರೆ ಕಟ್ಟುವುದು ನಿಧಾನ, ದುಬಾರಿ. ರಿಪೇರಿಗೆ ಒಳಗಿನ ಒಂದು ಚಕ್ರ ಬೇಕೆಂದರೆ ಹೊರಗಿನವನ್ನೆಲ್ಲ ಬಿಚ್ಚಬೇಕು. 1940ರ ಇಡೀ ವರ್ಷ ತಯಾರಾದದ್ದು ಸುಮಾರು 340 ಮಾತ್ರ. ಅದೇ ಕಾಲಕ್ಕೆ ಅಮೆರಿಕನ್ನರೂ ಕೆಗ್ರೆಸ್ ಗಾಡಿಗಳನ್ನು ನೋಡಿ ಕಲಿತು ತಮ್ಮ ಹಾಫ್‌ಟ್ರ್ಯಾಕ್ ಮಾಡಿದರು. ಅದು ಒರಟು. ಆದರೆ ಲಾರಿ ಕಾರ್ಖಾನೆಯ ಭಾಗಗಳಿಂದಲೇ ಕಟ್ಟುವಂಥದ್ದು, ಮುಂದಿನ ಚಕ್ರಕ್ಕೂ ಇಂಜಿನ್ ಬಲ ಇತ್ತು. ಯುದ್ಧ ಮುಗಿಯುವಷ್ಟರಲ್ಲಿ ಅಂಥವು 40,000ಕ್ಕೂ ಹೆಚ್ಚು.

ಫಲಿತಾಂಶ

1939ರ ಸೆಪ್ಟೆಂಬರ್ 1, ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿದ ದಿನ. ಜರ್ಮನಿಯ ಬಳಿ ಇದ್ದ ಸುಮಾರು 3,200 ಟ್ಯಾಂಕುಗಳಲ್ಲಿ ಪ್ಯಾಂಜರ್ 1 ಮತ್ತು 2 ಸೇರಿ 2,600ಕ್ಕೂ ಹೆಚ್ಚು. ನಿಜವಾಗಿ ಬೇಕಾಗಿದ್ದ ಪ್ಯಾಂಜರ್ 3 ನೂರರ ಹತ್ತಿರ, ಪ್ಯಾಂಜರ್ 4 ಇನ್ನೂರರ ಆಸುಪಾಸು. ಕವಚದ ಹಾಫ್‌ಟ್ರ್ಯಾಕ್ ಬೆರಳೆಣಿಕೆಯ ತುಕಡಿಗಳಲ್ಲಿ ಮಾತ್ರ. ಉಳಿದ ಕಾಲಾಳುಗಳು ಲಾರಿ ಮತ್ತು ಮೋಟಾರ್‌ಸೈಕಲ್ಲಿನಲ್ಲಿ.

ಮೊದಲ ದಿನವೇ ಮೋಕ್ರಾ ಎಂಬ ಹಳ್ಳಿಯ ಬಳಿ 4ನೇ ಪ್ಯಾಂಜರ್ ಡಿವಿಷನ್ ಪೋಲೆಂಡಿನ ಒಂದು ಕುದುರೆ ಬ್ರಿಗೇಡಿಗೆ ಎದುರಾಯಿತು. ಆ ಬ್ರಿಗೇಡಿನ ಬಳಿ 37 ಮಿ.ಮೀ. ಬೋಫೋರ್ಸ್ ತೋಪುಗಳಿದ್ದವು, ಕವಚ ತೂರುವ ಬಂದೂಕುಗಳಿದ್ದವು, ಬೆಂಬಲಕ್ಕೆ ಒಂದು ಕವಚದ ರೈಲು. ಲೈಟ್ ಟ್ಯಾಂಕುಗಳ ಕವಚ ಇವ್ಯಾವುದನ್ನೂ ತಡೆಯಲಿಲ್ಲ. ವಾರ ಕಳೆದು ಅದೇ ಡಿವಿಷನ್ ವಾರ್ಸಾದ ಓಖೋತಾ ಬಡಾವಣೆಗೆ ನುಗ್ಗಿ ಹತ್ತಾರು ಟ್ಯಾಂಕು ಕಳೆದುಕೊಂಡು ಹಿಂದೆ ಬಂತು. ಬೀದಿಯೊಳಗೆ ಟ್ಯಾಂಕಿನ ಪಕ್ಕದಲ್ಲೇ ಕವಚದೊಳಗೆ ಕೂತು ಬರುವ ಕಾಲಾಳು ಬೇಕಿತ್ತು. ಇರಲಿಲ್ಲ. ಯುದ್ಧ ಗೆದ್ದರು, ನಿಜ. ಅದು ರೇಡಿಯೋ, ತರಬೇತಿ, ವಿಮಾನ ಮತ್ತು ಎದುರಾಳಿಯ ಮೇಲೆ ಎರಡು ದಿಕ್ಕಿನಿಂದ ಬಿದ್ದ ದಾಳಿಯ ಗೆಲುವು. ಪ್ಯಾಂಜರ್ 1ರ ಗೆಲುವು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ತರಬೇತಿ ಸಿಕ್ಕಿದ್ದು ಪ್ಯಾಂಜರ್ 1ರಿಂದಲೇ ಅನ್ನೋದನ್ನೂ ಮರೆಯುವ ಹಾಗಿಲ್ಲ.

ಈ ಪ್ರಕರಣದಿಂದ ಏನು ತೆಗೆದುಕೊಳ್ಳಬಹುದು?

‘ಹಾಫ್‌ಟ್ರ್ಯಾಕೋ, ಲೈಟ್ ಟ್ಯಾಂಕೋ’ ಅಂತ ಕೇಳಿದಾಗ ಚರ್ಚೆ ಗಾಡಿಯ ಗುಣಗಳ ಪಟ್ಟಿಗೆ ಇಳಿಯುತ್ತದೆ: ವೇಗ ಎಷ್ಟು, ಕವಚ ಎಷ್ಟು, ಬೆಲೆ ಎಷ್ಟು. ಲುಟ್ಸ್ ಅವರ ಕಚೇರಿ 1930ರ ದಶಕದ ಶುರುವಿನಲ್ಲಿ ಬೇರೆ ಪ್ರಶ್ನೆ ಕೇಳಿತು: ನಮಗೆ ಈಗ ಕಲಿಯಬೇಕಾದದ್ದು ಏನು? ಆ ಪ್ರಶ್ನೆಗೆ ಪ್ಯಾಂಜರ್ 1 ಸರಿಯಾದ ಉತ್ತರ. ಸ್ಪೇನಿನ ನಂತರ ಪ್ರಶ್ನೆ ಬದಲಾಗಬೇಕಿತ್ತು: ಕಲಿತಾಯಿತು, ಈಗ ಕಾರ್ಖಾನೆಯ ಜಾಗವನ್ನು ಯಾವುದಕ್ಕೆ ಕೊಡೋಣ? ಆಗ ಅಗ್ಗದ, ಸರಳವಾದ ಒಂದು ಕವಚದ ಹಾಫ್‌ಟ್ರ್ಯಾಕಿಗೆ ಜಾಗ ಸಿಗಬಹುದಿತ್ತು. ತೋಪಿನ ಟ್ಯಾಂಕ್ ಬರುವವರೆಗೆ ಇರುವ ಟ್ಯಾಂಕುಗಳ ಜೊತೆಗಾದರೂ ಕಾಲಾಳು ಇರುತ್ತಿದ್ದರು. ಆಗ ಸೇನೆಯ ಜನರಲ್ ಸ್ಟಾಫ್ (ಯುದ್ಧದ ಯೋಜನೆ ಮಾಡುವ ಕಚೇರಿ) ಮುಖ್ಯಸ್ಥರಾಗಿದ್ದ ಲುಡ್ವಿಗ್ ಬೆಕ್ ಅವರಿಗೆ ಟ್ಯಾಂಕ್ ಪಡೆಯವರ ಅವಸರದ ಬಗ್ಗೆ ಅನುಮಾನವಿತ್ತು. ಅವರನ್ನು ಹಳೆಗಾಲದವರೆಂದು ಬದಿಗಿಡುವುದು ಸುಲಭ. ಆದರೆ ಡಿವಿಷನ್‌ಗಳ ಸಂಖ್ಯೆ ಗಾಡಿಗಳ ಗುಣಕ್ಕಿಂತ ಮುಂದೆ ಓಡಿದ್ದು ಸತ್ಯ.

ಉಳಿದ ಪ್ಯಾಂಜರ್ 1ಗಳನ್ನು ಬಳಸಿದ ರೀತಿ ಮಾತ್ರ ಮೆಚ್ಚುವಂಥದ್ದು. 1940ರಲ್ಲಿ ಸುಮಾರು 200 ಗಾಡಿಗಳ ಟರೆಟ್ ತೆಗೆದು ಚೆಕ್ ದೇಶದ 47 ಮಿ.ಮೀ. ತೋಪು ಕೂರಿಸಿದರು, 38 ಗಾಡಿಗಳ ಮೇಲೆ 150 ಮಿ.ಮೀ. ತೋಪನ್ನೇ ಹೊರಿಸಿದರು. ನೋಡಲು ಚಂದವಿಲ್ಲ, ಕೆಲಸಕ್ಕೆ ಬಂತು. ಹತ್ತು ದೊಡ್ಡ ಹಾಫ್‌ಟ್ರ್ಯಾಕುಗಳ ಮೇಲೆ 88 ಮಿ.ಮೀ. ತೋಪು ಇಟ್ಟು ಬಂಕರ್ ಒಡೆಯಲು ಕಳಿಸಿದ್ದೂ ಇದೆ. ಅಂದರೆ 1930ರ ದಶಕದ ನಡುವೆ ಕೈಬಿಟ್ಟ ಯೋಚನೆಗೆ, ಟರೆಟ್ ಬಿಟ್ಟು, ದೂರದಿಂದ ಹೊಡೆಯುವ ಕೆಲಸ ಕೊಟ್ಟು, ಮರಳಿ ಬಂದರು.

251ರ ಮಾದರಿಯ ಗಾಡಿ ಯುದ್ಧ ಮುಗಿದು ಹತ್ತು ವರ್ಷ ದಾಟಿದ ಮೇಲೂ ಚೆಕೊಸ್ಲೊವಾಕಿಯಾದಲ್ಲಿ ಒಟಿ-810 ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಅಲ್ಲಿನ ಸೈನಿಕರು ಅದನ್ನು ‘ಹಿಟ್ಲರನ ಸೇಡು’ ಅಂತ ಕರೆಯುತ್ತಿದ್ದರಂತೆ. ಅಷ್ಟರಲ್ಲಿ ಪಶ್ಚಿಮ ಜರ್ಮನಿಯ ಹೊಸ ಸೇನೆ ಕಾಲಾಳುಗಳಿಗೆ ಪೂರ್ತಿ ಚೈನಿನ ಗಾಡಿಯನ್ನೇ ಆರಿಸಿಕೊಂಡಿತ್ತು.